ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರ

ಅರಿವಳಿಕೆಯೆಂದರೆ ಒಂದು ಬಗೆಯ ನಿದ್ರೆ, ಹೊತ್ತು ಕಳೆದರೆ ತಾನಾಗಿ ತಿಳಿಯುವುದು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ, ನಾನೂ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ಮಳವಳ್ಳಿ ತಾಲ್ಲೂಕಿನ ನಮ್ಮಜ್ಜಿಗೆ ಮಂಡ್ಯದಲ್ಲಿ ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಅರಿವಳಿಕೆ ವೈದ್ಯರು ಹಿಂದಿನ ದಿನ ಕೇಳಿದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಕೊಟ್ಟೆ. “ನಿದ್ದೆಗೇನಾದರೂ ಮಾತ್ರೆ ತಗೋತಾರಾ?” ಎಂದರು. “ಇಲ್ಲ ಸಾರ್” ಎಂದೆ.

ಮಧ್ಯಾಹ್ನವೇ ಏಳಬೇಕಾಗಿದ್ದ ಅಜ್ಜಿ ಸಂಜೆಯಾದರೂ ಸರಿಯಾಗಿ ಕಣ್ಣು ಬಿಡಲಿಲ್ಲ. ತಾತ ಹೋದಂದಿನಿಂದ ರಾತ್ರಿ ನಿದ್ದೆಮಾತ್ರೆ ನುಂಗುತ್ತಿದ್ದಳೆಂದೂ, ಅಂದು ಬೆಳಿಗ್ಗೆ ಹೆದರಿಕೆಗೆ ಎರಡು ನುಂಗಿದ್ದಳೆಂದೂ ಅವ್ವನ ಬಾಯಿಂದ ಹೊರಬಿದ್ದುದು ಆಗಲೇ. ಆ ಸಂಜೆಯ ಭಯವೇ ನನ್ನನ್ನು ಈ ವಿಷಯದ ಪುಸ್ತಕಗಳ ಕಡೆಗೆ ತಿರುಗಿಸಿತು.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬಾತನು ಈಥರ್ ಕೊಟ್ಟು ತೋರಿಸಿದನು. ಮರುವರ್ಷ ಸಿಂಪ್ಸನ್ನನು ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಆಮೇಲೆ ನಿಜಾಮರ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಕ್ಲೋರೋಫಾರ್ಮ್ ಆಯೋಗಗಳು ಕೂತವು. ನಾಡಿಗಿಂತ ಮೊದಲು ಉಸಿರನ್ನು ಗಮನಿಸಿರೆಂಬುದು ಅಲ್ಲಿಯ ಡಾಕ್ಟರ್ ಲಾರಿಯವರ ಹಟ. ಅವರ ವಾದವೆಲ್ಲ ನಿಲ್ಲಲಿಲ್ಲ. ಆದರೆ ಉಸಿರಿನೊಡನೆ ಒಳಹೋದ ಮದ್ದು ಬಹುಪಾಲು ಉಸಿರಿನೊಡನೆಯೇ ಹೊರಬರಬೇಕು. ಉಸಿರು ಮೇಲುಮೇಲಾದರೆ ಎಚ್ಚರವೂ ತಡ. ನೋವಿಗೆ ಕೊಡುವ ಮಾರ್ಫಿನ್ನಿನಂಥ ಮದ್ದುಗಳು ಉಸಿರನ್ನೇ ನಿಧಾನಗೊಳಿಸುತ್ತವೆ. ಚುಚ್ಚುಮದ್ದನ್ನು ಕರಗಿಸುವ ಕೆಲಸ ಹೆಚ್ಚಾಗಿ ಯಕೃತ್ತು, ಮೂತ್ರಪಿಂಡಗಳದು. ಮುಪ್ಪಿನಲ್ಲಿ ಅವೂ ಸೋತಿರುತ್ತವೆ. ಮೈ ತಣ್ಣಗಾದರೂ ಈ ಕೆಲಸ ಹಿಂದೆ ಬೀಳುತ್ತದೆ. ಅಜ್ಜಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದ್ದೇಕೆಂದು ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಯವರು ಉಪವಾಸವಿದ್ದೂ ಕೆಲವು ಬಗೆಯ ಮಾತ್ರೆ ನುಂಗಿ ಬಂದರೆ ರಕ್ತದ ಸಕ್ಕರೆ ಇಳಿದು, ಮಂಪರು ಅದರಿಂದಲೇ ಆಗಿರಬಹುದು.

ವೈದ್ಯರು ಇನ್ನೊಂದನ್ನು ಕೇಳಿದ್ದರು: “ನಿಮ್ಮ ನೆಂಟರಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಏಳೋದು ತಡವಾಗಿತ್ತಾ?” ನೆಂಟರ ಸುದ್ದಿ ಇವರಿಗೇಕೆ ಎಂದುಕೊಂಡಿದ್ದೆ. ಗಂಟಲಿಗೆ ಕೊಳವೆ ಇಳಿಸುವಾಗ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಮದ್ದು ಕೊಡುವುದುಂಟು. ರಕ್ತದಲ್ಲಿರುವ ಒಂದು ಕಿಣ್ವವು ಅದನ್ನು ಕೆಲವೇ ನಿಮಿಷಗಳಲ್ಲಿ ಮುರಿದುಹಾಕುತ್ತದೆ. ನಮ್ಮ ದಕ್ಷಿಣದ ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲವೆಂದು ವೈದ್ಯರು ಕಂಡುಕೊಂಡಿದ್ದಾರೆ. ಇದು ರೋಗವಲ್ಲ, ನಿತ್ಯದ ಬದುಕಿಗೆ ಯಾವ ಕುಂದೂ ಇಲ್ಲ. ಆದರೆ ಈ ಮದ್ದು ಬಿದ್ದರೆ ಗಂಟೆಗಟ್ಟಲೆ ಕೈಕಾಲು ಆಡದು, ಉಸಿರೂ ಆಡದು. ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ಮೊದಲೇ ತಿಳಿದಿದ್ದರೆ ಬೇರೆ ಮದ್ದು ಆರಿಸುತ್ತಾರೆ. ಚಿಕ್ಕಪ್ಪನ ಕಥೆಯೊಂದು ಮೊಮ್ಮಗನ ಜೀವಕ್ಕೆ ಒದಗುವುದೆಂದರೆ ಇದೇ.

ಎಚ್ಚರವಾಯಿತೆಂಬುದನ್ನೂ ಕಣ್ಣಂದಾಜಿನಲ್ಲಿ ಹೇಳುವುದಿಲ್ಲ. 1970ರಲ್ಲಿ ಆಲ್ಡ್ರೀಟ್ ಎಂಬ ವೈದ್ಯರು ಅಂಕಪಟ್ಟಿ ಮಾಡಿಕೊಟ್ಟರು: ಚಲನೆ, ಉಸಿರು, ರಕ್ತದೊತ್ತಡ, ಅರಿವು, ಮೈಬಣ್ಣ, ತಲಾ ಎರಡರಂತೆ ಹತ್ತು. ಮೈಬಣ್ಣದ ಜಾಗಕ್ಕೆ ಈಗ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ಬಂದಿದೆ. ಸಾಮಾನ್ಯವಾಗಿ ಒಂಬತ್ತು ಬಂದರೆ ವಾರ್ಡಿಗೆ. ನಮ್ಮ ಪರೀಕ್ಷೆಗಳಿಗಿಂತ ಬಿಗಿ!

ಅಜ್ಜಿ ಕತ್ತಲಾದ ಮೇಲೆ ಎದ್ದು, “ಹಸೀಗೆ ಹುಲ್ಲಾಕುದ್ರಾ ಮಗಾ?” ಎಂದಳು. ಮೊನ್ನೆ ಕಣ್ಣಿನ ಪೊರೆ ತೆಗೆಸಲು ಮದ್ದೂರಿಗೆ ಕರೆದೊಯ್ದೆ. ಅಲ್ಲಿ ಕಣ್ಣಷ್ಟನ್ನೇ ಮರಗಟ್ಟಿಸುವುದು. ವೈದ್ಯರು ಬಾಯಿ ತೆರೆಯುವ ಮುನ್ನವೇ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.