ನೀರು ದಾಟಿದ ಜೀಪಿನ ಆರೈಕೆ



ನಮ್ಮ ನಂಜನಗೂಡು ಕಪಿಲೆಯ ದಡದಲ್ಲಿರುವುದು; ಆ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವುದು. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ರಸ್ತೆಗಳು ಮುಳುಗುವುದುಂಟು. 2019ರ ಆಗಸ್ಟಿನಲ್ಲಿ ಮೈಸೂರು ಹೆದ್ದಾರಿಯ ಮೇಲೆಯೇ ನೀರು ಹರಿದು ಸಂಚಾರವು ನಿಂತಿತ್ತು. ಇಂತಹ ನಾಡಿನಲ್ಲಿ ಜೀಪಿನ ಆರೈಕೆಯನ್ನು ಅರಿಯುವುದು ಹೆಣ್ಣುಮಕ್ಕಳಿಗೂ ಅವಶ್ಯಕವೆಂದು ನನ್ನ ಅಭಿಪ್ರಾಯ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ತಯಾರಿಸಿದ ಈ ವಾಹನವನ್ನು, ತರುವಾಯ ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು ಜೋಡಿಸತೊಡಗಿದರು. ಎಂಜಿನಿನ ಬಲವನ್ನು ನಾಲ್ಕು ಚಕ್ರಗಳಿಗೂ ಹಂಚಬಲ್ಲುದಾದ್ದರಿಂದ ಅದು ಕೆಸರಿನಲ್ಲಿಯೂ ಸಾಗುವುದು. ಆದರೆ ಚಕ್ರಗಳಿಗೆ ಬಲವಿದ್ದ ಮಾತ್ರಕ್ಕೆ ಎಂಜಿನಿಗೆ ಈಜು ಬಾರದು.

ಒಮ್ಮೆ ಜ್ವರಪೀಡಿತಳಾದ ಬಾಲಕಿಯೊಬ್ಬಳನ್ನು ಬಾಡಿಗೆಯ ಜೀಪಿನಲ್ಲಿ ಕರೆತರುತ್ತಿದ್ದೆನು. ಹಳ್ಳದ ನಡುವೆ ಎಂಜಿನು ನಿಂತಿತು. ಚಾಲಕನು ಗಾಬರಿಯಿಂದ ಪದೇ ಪದೇ ಚಾಲೂ ಮಾಡಲೆತ್ನಿಸಿದನು. ಒಳಗೆ ಲೋಹದ ಸದ್ದಾಯಿತು, ಅಷ್ಟೇ. ಮಗುವನ್ನು ಎತ್ತಿಕೊಂಡು ನಡೆದೇ ಊರು ಸೇರಬೇಕಾಯಿತು.

ಇದಕ್ಕೆ ಕಾರಣವನ್ನು ವಿಜ್ಞಾನದ ಪಾಠದಲ್ಲಿ ನೀವು ಓದಿರುವಿರಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಗಾಳಿಯ ದಾರಿಯಿಂದ ಸಿಲಿಂಡರಿನೊಳಗೆ ನೀರು ಹೊಕ್ಕರೆ, ಮೇಲೇರುವ ಪಿಸ್ಟನ್ನು ಅದಕ್ಕೆ ಡಿಕ್ಕಿ ಹೊಡೆದು, ಅದನ್ನು ಹಿಡಿದಿರುವ ಸರಳು ಬಗ್ಗುವುದು.

ಆದುದರಿಂದ ಈ ಕ್ರಮವನ್ನು ಅನುಸರಿಸತಕ್ಕದ್ದು:

1. ಹರಿಯುವ ಪ್ರವಾಹವನ್ನು ದಾಟಲೇಬೇಡಿ. ಎರಡಡಿ ನೀರೇ ಬಹುಪಾಲು ವಾಹನಗಳನ್ನು ತೇಲಿಸಬಲ್ಲುದು.

2. ನೀರಿನಲ್ಲಿ ಎಂಜಿನು ನಿಂತರೆ ಮರಳಿ ಚಾಲೂ ಮಾಡಕೂಡದು. ವಾಹನವನ್ನು ದಡಕ್ಕೆ ಎಳೆಸಿ, ಏರ್ ಫಿಲ್ಟರನ್ನು ಬಿಚ್ಚಿ ನೋಡಿ. ಅದು ಒದ್ದೆಯಾಗಿದ್ದರೆ ಒಳಗೂ ನೀರಿರಬಹುದು. ಆಗ ಮೆಕ್ಯಾನಿಕನನ್ನೇ ಕರೆಸುವುದು ಲೇಸು.

3. ಅಳತೆಕಡ್ಡಿಯನ್ನು ತೆಗೆದು ಎಂಜಿನಿನ ಎಣ್ಣೆಯ ಬಣ್ಣವನ್ನು ಪರೀಕ್ಷಿಸಿ. ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದರ್ಥ. ಗೇರುಪೆಟ್ಟಿಗೆ ಹಾಗೂ ಮುಂದಿನ, ಹಿಂದಿನ ಡಿಫರೆನ್ಷಿಯಲ್ಲುಗಳ ಎಣ್ಣೆಯನ್ನೂ ಹೀಗೆಯೇ ನೋಡಿಸಿ, ಕೆಟ್ಟಿದ್ದರೆ ಬದಲಿಸತಕ್ಕದ್ದು. ಈ ದೋಷವು ಸದ್ದಿಲ್ಲದೆ ಹಲ್ಲುಗಳನ್ನು ತಿನ್ನುವುದರಿಂದ ಅನೇಕರು ಇದನ್ನು ಮರೆಯುವರು.

4. ನೆನೆದ ಬ್ರೇಕು ಹಿಡಿಯದು. ನಿಧಾನವಾಗಿ ಸಾಗುತ್ತಾ ಹಗುರವಾಗಿ ಒತ್ತಿ ಒತ್ತಿ ಅದನ್ನು ಒಣಗಿಸಿ, ನಂತರವೇ ವೇಗ ಹೆಚ್ಚಿಸಿ.

5. ತಿರುಗುವ ಕೀಲುಗಳಿಗೆ ಹೊಸ ಗ್ರೀಸು ತುಂಬಿಸಿ, ಅಡಿಭಾಗಕ್ಕೆ ಅಂಟಿದ ಕೆಸರನ್ನು ತೊಳೆಯಿಸಿ. ಕೆಸರು ಒಣಗಿದರೆ ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೆಳೆಸುವುದು.

ಮತ್ತೊಂದು ಮಾತು. ಹಳೆಯ ಮಾದರಿಯ ಜೀಪು ಗಟ್ಟಿ ರಸ್ತೆಗೆ ಬಂದೊಡನೆ ನಾಲ್ಕು ಚಕ್ರಗಳ ಬಲವನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುವುವು. ಕೆಸರಿನಲ್ಲಿ ಚಕ್ರವು ಜಾರಿ ಈ ವ್ಯತ್ಯಾಸವನ್ನು ನೀಗಿಸಿಕೊಳ್ಳುವುದು, ಡಾಮರಿನ ಮೇಲೆ ಜಾರಲಾರದೆ ಗೇರುಗಳನ್ನು ತಿರುಚುವುದು.

ಅಂದು ಆ ಚಾಲಕನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ತಾಳ್ಮೆಗೆ ಇತ್ತು. ಐದು ನಿಮಿಷ ಕೈಕಟ್ಟಿ ಯೋಚಿಸಿದ್ದರೆ ಎಂಜಿನು ಉಳಿಯುತ್ತಿತ್ತೋ ಏನೋ. ಯಂತ್ರವು ನಿಂತಾಗ ಮೊದಲು ಕಾರಣವನ್ನು ಹುಡುಕಿ, ಆಮೇಲೆ ಕೈಹಾಕಿರಿ. ಈ ನಿಯಮವು ಜೀಪಿಗೆ ಮಾತ್ರವಲ್ಲದೆ, ನಿಮ್ಮ ಮನೆಯ ಹೊಲಿಗೆಯಂತ್ರಕ್ಕೂ ನೀರೆತ್ತುವ ಪಂಪಿಗೂ ಅನ್ವಯಿಸುವುದು.