2100ರ ಭಾರತವನ್ನು ಈಗಲೇ ಎಣಿಸಬಹುದೇ?



ಎಪ್ಪತ್ತು ಎಂಬತ್ತು ವರ್ಷ ಕಳೆದ ಮೇಲೆ ನಮ್ಮ ದೇಶ ಹೇಗಿರುತ್ತದೆ ಎಂದು ಕೇಳಿದರೆ ‘ಅದು ಯಾರಿಗೆ ಗೊತ್ತು’ ಎಂದು ಕೈಚೆಲ್ಲುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ ನೋಡಿ. ನಿಮ್ಮಲ್ಲಿ ಒಬ್ಬರು 2008ರಲ್ಲಿ ಹುಟ್ಟಿದ್ದೀರಿ ಎಂದುಕೊಳ್ಳೋಣ. 2068ರಲ್ಲಿ ನಿಮಗೆ 60 ವರ್ಷ. ಆ ವರ್ಷ ಭಾರತದಲ್ಲಿ 60 ತುಂಬುವವರೆಲ್ಲರೂ ಈಗಾಗಲೇ ಹುಟ್ಟಿಯಾಗಿದೆ. ಹೊರದೇಶದಿಂದ ಬಂದು ನೆಲೆಸುವವರನ್ನು ಬಿಟ್ಟರೆ ಆ ಲೆಕ್ಕಕ್ಕೆ ಹೊಸದಾಗಿ ಒಬ್ಬರನ್ನೂ ಸೇರಿಸಲು ಸಾಧ್ಯವಿಲ್ಲ. ಅಷ್ಟರೊಳಗೆ ತೀರಿಕೊಳ್ಳುವವರನ್ನೂ ದೇಶ ಬಿಟ್ಟು ಹೋಗುವವರನ್ನೂ ಅಂದಾಜು ಮಾಡಿ ಕಳೆದರೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆಯೇ.

ಈಗ ಪ್ರಶ್ನೆಯನ್ನು ಬದಲಿಸಿ. ಅದೇ 2068ರಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರುತ್ತಾರೆ? ಆ ಮಕ್ಕಳು ಹುಟ್ಟಿಲ್ಲದಿರುವುದು ಹಾಗಿರಲಿ, ಅವರ ತಾಯಂದಿರಲ್ಲಿ ಹೆಚ್ಚಿನವರೇ ಇನ್ನೂ ಹುಟ್ಟಿಲ್ಲ. ಆ ತಾಯಂದಿರು ಎಷ್ಟು ಓದುತ್ತಾರೆ, ಯಾವಾಗ ಮದುವೆಯಾಗುತ್ತಾರೆ, ಎಷ್ಟು ಮಕ್ಕಳು ಸಾಕು ಎಂದು ತೀರ್ಮಾನಿಸುತ್ತಾರೆ ಎಂಬುದನ್ನು ಇಂದು ಯಾರೂ ಎಣಿಸಲಾರರು. ಎಣಿಸಬಹುದಾದದ್ದು ಒಂದು, ಜನರು ಮುಂದೆ ತೀರ್ಮಾನಿಸುವುದು ಇನ್ನೊಂದು. ಇವೆರಡನ್ನು ಬೆರೆಸಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಉದಾಹರಣೆ ಇದೆ.

ಸಮಾಜದ ಬದಲಾವಣೆಗೆ ನಿಯಮವಿದೆಯೇ ಎಂಬ ಹುಡುಕಾಟ ಹಳೆಯದು. ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಒಂದು ರಾಜವಂಶದ ಆಯಸ್ಸು ಸಾಮಾನ್ಯವಾಗಿ ಮೂರು ತಲೆಮಾರು ಎಂದರು. ತಲೆಮಾರಿಗೆ 40 ವರ್ಷದಂತೆ ಒಟ್ಟು 120 ವರ್ಷ. ಕಷ್ಟದಲ್ಲಿ ಬೆಳೆದ ಮೊದಲ ತಲೆಮಾರಿನ ಒಗ್ಗಟ್ಟು, ಸುಖದಲ್ಲಿ ಬೆಳೆದ ಮೂರನೆಯದರ ಹೊತ್ತಿಗೆ ಕರಗಿಹೋಗುತ್ತದೆ ಎಂಬುದು ಅವರ ವಿವರಣೆ. ಉತ್ತರ ಆಫ್ರಿಕಾದ ಅರಮನೆಗಳನ್ನು ಒಳಗಿನಿಂದಲೇ ಕಂಡವರ ಮಾತು ಅದು. ಆದರೂ ಅವರ ಕಾಲದಲ್ಲೇ ಬೆಳೆಯುತ್ತಿದ್ದ ಉಸ್ಮಾನಿಯಾ ವಂಶ ಆರು ನೂರು ವರ್ಷ ಆಳಿತು. ಕಂಡ ಲೋಕಕ್ಕೆ ಸರಿಹೊಂದುವ ನಿಯಮ ಕಾಣದ ಲೋಕಕ್ಕೂ ಹೊಂದುತ್ತದೆಂದು ಹೇಳಲಾಗದು.

ಇನ್ನು ನಮ್ಮ ದೇಶದ ಕಥೆಗೆ ಬರೋಣ. 1965 ಮತ್ತು 1966ರಲ್ಲಿ ಸತತವಾಗಿ ಮಳೆ ಕೈಕೊಟ್ಟಿತು. ಬಿಹಾರದಲ್ಲಿ ಕ್ಷಾಮ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಮಾತ್ರ ಪಡಿತರ ಎಂಬ ಸ್ಥಿತಿ. ಅದೇ ಹೊತ್ತಿಗೆ, 1967ರಲ್ಲಿ, ವಿಲಿಯಂ ಮತ್ತು ಪಾಲ್ ಪ್ಯಾಡಕ್ ಎಂಬ ಅಮೆರಿಕದ ಸಹೋದರರು 1975ರ ವೇಳೆಗೆ ಭೀಕರ ಕ್ಷಾಮ ಖಚಿತ ಎಂದು ಪುಸ್ತಕ ಬರೆದರು. ಯುದ್ಧಭೂಮಿಯ ವೈದ್ಯರು ಉಳಿಯುವ ಗಾಯಾಳುಗಳನ್ನು ಮಾತ್ರ ಆರಿಸಿಕೊಳ್ಳುವಂತೆ, ನೆರವನ್ನು ಉಳಿಯಬಲ್ಲ ದೇಶಗಳಿಗೆ ಮಾತ್ರ ಕೊಡಬೇಕು ಎಂಬುದು ಅವರ ವಾದ. ಅವರ ಪಟ್ಟಿಯಲ್ಲಿ ಭಾರತ ಉಳಿಸಲಾಗದ ದೇಶಗಳ ಸಾಲಿನಲ್ಲಿತ್ತು. ಮರುವರ್ಷ ಪಾಲ್ ಎರ್ಲಿಚ್ ಎಂಬ ಜೀವವಿಜ್ಞಾನಿಯ ‘ದಿ ಪಾಪ್ಯುಲೇಷನ್ ಬಾಂಬ್’ ಬಂತು. ಅದು ಲಕ್ಷಾಂತರ ಪ್ರತಿ ಮಾರಾಟವಾಯಿತು. ದೆಹಲಿಯ ರಾತ್ರಿಯೊಂದರ ಜನಜಂಗುಳಿಯ ವರ್ಣನೆಯಿಂದಲೇ ಪುಸ್ತಕ ಶುರುವಾಗುತ್ತದೆ. 1970ರ ದಶಕದಲ್ಲಿ ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ, ಈಗ ಏನು ಮಾಡಿದರೂ ಅದನ್ನು ತಪ್ಪಿಸಲಾಗದು ಎಂದು ಎರ್ಲಿಚ್ ಹೇಳಿದ್ದರು.

ಇವರು ಜನರನ್ನು ಎಣಿಸುವುದರಲ್ಲಿ ಎಡವಲಿಲ್ಲ ಎಂಬುದನ್ನು ಗಮನಿಸಿ. 1971ರಲ್ಲಿ 54.8 ಕೋಟಿ ಇದ್ದ ಭಾರತದ ಜನಸಂಖ್ಯೆ 2011ರ ಜನಗಣತಿಯಲ್ಲಿ 121 ಕೋಟಿ ಆಯಿತು. ಅವರು ಎಡವಿದ್ದು ಜನರ ಕೈಗಳನ್ನು ಎಣಿಸುವುದರಲ್ಲಿ. ಕೃಷಿ ಸಚಿವ ಸಿ. ಸುಬ್ರಮಣ್ಯಂ ಅವರ ಒತ್ತಾಸೆಯಿಂದ 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂತು. ನಾರ್ಮನ್ ಬೋರ್ಲಾಗ್ ಬೆಳೆಸಿದ ಆ ತಳಿಗಳನ್ನು ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ನಮ್ಮ ಹೊಲಗಳಿಗೆ ಹೊಂದಿಸಿದರು. 1964–65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ ಇಳುವರಿ 1970–71ರಲ್ಲಿ ಸುಮಾರು 2.4 ಕೋಟಿ ಟನ್ ಮುಟ್ಟಿತು. ಆರು ವರ್ಷದಲ್ಲಿ ಎರಡು ಪಟ್ಟು! ಹಸಿವು ಪೂರ್ತಿ ಹೋಯಿತೆಂದು ನಾನು ಹೇಳುತ್ತಿಲ್ಲ. ಅಪೌಷ್ಟಿಕತೆ ಇಂದಿಗೂ ಇದೆ, ನೀರಿನ ಅತಿಯಾದ ಬಳಕೆಯಿಂದ ಪಂಜಾಬಿನ ಅಂತರ್ಜಲ ಇಳಿದದ್ದೂ ನಿಜ. ಆದರೆ ಖಚಿತವೆಂದು ಹೇಳಿದ್ದ ಮಹಾಕ್ಷಾಮ ಬರಲಿಲ್ಲ.

ತಪ್ಪು ಭವಿಷ್ಯ ಹೇಳಿದವರು ಮುಂದೆ ನಗೆಪಾಟಲಾಗುತ್ತಾರೆ, ಅಷ್ಟೇ ತಾನೇ ಎನ್ನಬೇಡಿ. ಭಾರತದಲ್ಲಿ ಕುಟುಂಬ ಯೋಜನೆಯ ಕಾರ್ಯಕ್ರಮ 1952ರಿಂದಲೇ ಇತ್ತು. ಅದು ಒಪ್ಪಿಗೆಯ ಮೇಲೆ ನಡೆಯುವ ಕೆಲಸವಾಗಿತ್ತು. ಜನಸಂಖ್ಯೆ ಎಂದರೆ ಸಿಡಿಯಲಿರುವ ಬಾಂಬು ಎಂಬ ಭೀತಿ ದೆಹಲಿಯಲ್ಲೂ ಹೊರಗೂ ಗಟ್ಟಿಯಾದ ಮೇಲೆ, ತುರ್ತು ಪರಿಸ್ಥಿತಿಯ ದಿನಗಳಲ್ಲಿ ಒಪ್ಪಿಗೆ ಎಂಬುದೇ ಮರೆಯಾಯಿತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಗಂಡಸರದ್ದೇ ಹೆಚ್ಚು. ಹಲವು ಕಡೆ ಶಾಲಾ ಶಿಕ್ಷಕರಿಗೂ ಇಷ್ಟು ಜನರನ್ನು ಕರೆತರಬೇಕೆಂಬ ಗುರಿ ಇತ್ತು, ತಪ್ಪಿದರೆ ಸಂಬಳಕ್ಕೆ ಕುತ್ತು. ಹರಿಯಾಣದ ಉಟಾವರ್ ಎಂಬ ಹಳ್ಳಿಯನ್ನು 1976ರ ನವೆಂಬರ್‌ನಲ್ಲಿ ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಇದಕ್ಕೆಲ್ಲ ಆ ಪುಸ್ತಕಗಳೇ ಕಾರಣ ಎನ್ನುವುದು ಅನ್ಯಾಯವಾದೀತು. ಆದರೆ ‘ಬೇರೆ ದಾರಿಯೇ ಇಲ್ಲ’ ಎಂಬ ಮಾತಿಗೆ ಅಂಥ ಪುಸ್ತಕಗಳು ಬಲ ಕೊಟ್ಟವು.

ಆ ಭಯದ ನೆರಳು ಇನ್ನೂ ಹೋಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಟ್ಟು ದಂಪತಿಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಹೆಂಡತಿಗೆ ಆದವರು ಸುಮಾರು 38 ಶೇಕಡಾ, ಗಂಡನಿಗೆ ಆದವರು 0.3 ಶೇಕಡಾ. ಗಂಡಸಿನ ಶಸ್ತ್ರಚಿಕಿತ್ಸೆಯೇ ಸುಲಭದ್ದು ಎಂದು ವೈದ್ಯರು ಹೇಳಿದರೂ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿದೆ. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ 1976ರ ನೆನಪನ್ನು ಬಿಟ್ಟು ಇದನ್ನು ವಿವರಿಸಲು ಬಾರದು.

ಎರಡನೆಯ ಪಾಠ ಸರಳರೇಖೆಯ ಕುರಿತದ್ದು. ಸಂಖ್ಯಾಶಾಸ್ತ್ರ ಓದುವವರಿಗೆ ಬಹಿರ್ವೇಶನ ಗೊತ್ತು. ತಿಳಿದಿರುವ ಬಿಂದುಗಳ ರೇಖೆಯನ್ನು ತಿಳಿಯದ ಕಡೆಗೆ ಎಳೆಯುವುದು. ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬುದನ್ನು ಒಟ್ಟು ಫಲವತ್ತತೆ ದರ ಎನ್ನುತ್ತೇವೆ. 1992–93ರ ಸಮೀಕ್ಷೆಯಲ್ಲಿ ಈ ದರ ಹಿಂದೂಗಳಲ್ಲಿ 3.3, ಮುಸ್ಲಿಮರಲ್ಲಿ 4.4. ಆ ಎರಡು ಅಂಕಿ ಹಿಡಿದು ರೇಖೆ ಎಳೆದವರು ಏನೇನೋ ಭವಿಷ್ಯ ನುಡಿದರು, ಈಗಲೂ ಮೊಬೈಲಿನಲ್ಲಿ ಅಂಥವು ಬರುತ್ತಲೇ ಇರುತ್ತವೆ. 2019–21ಕ್ಕೆ ಅದೇ ದರಗಳು 1.94 ಮತ್ತು 2.36. ಎರಡೂ ಇಳಿದಿವೆ, ನಡುವಿನ ಅಂತರ 1.1ರಿಂದ ಸುಮಾರು 0.4ಕ್ಕೆ ಬಂದಿದೆ. ಊರು ಮತ್ತು ಓದು ಇಲ್ಲಿ ದೊಡ್ಡ ಪಾತ್ರ ವಹಿಸುತ್ತವೆ. ಅದೇ ಸಮೀಕ್ಷೆಯಲ್ಲಿ ಬಿಹಾರದ ದರ 3.0, ಕರ್ನಾಟಕದ್ದು 1.7. ಶಾಲೆಗೆ ಹೋಗದ ಮಹಿಳೆಯರಲ್ಲಿ 2.8, ಹನ್ನೆರಡು ವರ್ಷ ಅಥವಾ ಹೆಚ್ಚು ಓದಿದವರಲ್ಲಿ 1.8. ಇರಾನಿನಲ್ಲಿ 1980ರ ದಶಕದ ಆರಂಭದಲ್ಲಿ ಆರಕ್ಕಿಂತ ಹೆಚ್ಚಿದ್ದ ದರ ಸುಮಾರು ಇಪ್ಪತ್ತು ವರ್ಷದಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಹಳ್ಳಿಹಳ್ಳಿಗೂ ಆರೋಗ್ಯ ಕೇಂದ್ರ ತಲುಪಿತ್ತು, ಹೆಣ್ಣುಮಕ್ಕಳು ಶಾಲೆಗೆ ತಲುಪಿದ್ದರು.

ಈಗ 2100ಕ್ಕೆ ಹೋಗೋಣ. ವಿಶ್ವಸಂಸ್ಥೆ 2024ರಲ್ಲಿ ಪ್ರಕಟಿಸಿದ ಮುನ್ನಂದಾಜಿನಲ್ಲಿ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ, ಬಳಿಕ ಇಳಿದು, 2100ಕ್ಕೆ ಸುಮಾರು 150 ಕೋಟಿ ಆಗುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೊಟ್ಟ ಅಂಕಿ ಸುಮಾರು 109 ಕೋಟಿ. ಇಬ್ಬರೂ ನುರಿತವರು. ಆದರೂ 40 ಕೋಟಿಯ ವ್ಯತ್ಯಾಸ! ಇದು ಹೇಗೆ?

ಒಂದು ಹಾಳೆ ತೆಗೆದುಕೊಳ್ಳಿ. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು ಮಹಿಳೆಗೆ ಸುಮಾರು 2.1 ಮಕ್ಕಳು ಬೇಕು. ದರ 1.8 ಆದರೆ 100 ಮಂದಿಯ ತಲೆಮಾರಿನ ಮುಂದಿನದು 86, ಅದರ ಮುಂದಿನದು 73, ಮೂರನೆಯದು 63. ದರ 1.3 ಆದರೆ 62, 38, 24. ಅರ್ಧ ಮಗುವಿನ ವ್ಯತ್ಯಾಸ ಮೂರು ತಲೆಮಾರಿನಲ್ಲಿ 63 ಮತ್ತು 24ರ ವ್ಯತ್ಯಾಸವಾಯಿತು. ಆದ್ದರಿಂದ ಮುನ್ನಂದಾಜನ್ನು ಓದುವಾಗ ಕೊನೆಯ ಅಂಕಿಗಿಂತ ಮೊದಲು ‘ಹೀಗಾದರೆ’ ಎಂಬ ಷರತ್ತನ್ನು ಹುಡುಕಬೇಕು. ಷರತ್ತನ್ನು ಮುಚ್ಚಿಟ್ಟು ಅಂಕಿಯನ್ನು ಮಾತ್ರ ಹೇಳುವವರನ್ನು ನಾನು ನಂಬುವುದಿಲ್ಲ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಗಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ದೇಶದ ದರ 2019–21ರಲ್ಲೇ 2.0 ಇದ್ದರೆ ಜನಸಂಖ್ಯೆ ಇನ್ನೂ ಏರುವುದೇಕೆ? ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ್ದರಿಂದ ಈಗ ತಾಯಿಯಾಗುವ ವಯಸ್ಸಿನವರು ಬಹಳ ಇದ್ದಾರೆ, ಮುದುಕರು ಕಡಿಮೆ ಇದ್ದಾರೆ. ಬ್ರೇಕ್ ಹಾಕಿದ ರೈಲು ಕೂಡಲೇ ನಿಲ್ಲುವುದಿಲ್ಲವಲ್ಲ, ಹಾಗೆ.

ಹಾಗಾದರೆ ಧೈರ್ಯವಾಗಿ ಹೇಳಬಹುದಾದದ್ದೇನು? ಮುಪ್ಪು. 60 ದಾಟಿದವರು 2022ರಲ್ಲಿ ಜನಸಂಖ್ಯೆಯ ಸುಮಾರು 10 ಶೇಕಡಾ ಇದ್ದರು. 2050ಕ್ಕೆ ಸುಮಾರು 20 ಶೇಕಡಾ ಆಗುತ್ತಾರೆ ಎಂಬ ಅಂದಾಜು ಹೆಚ್ಚು ತಪ್ಪಲಾರದು, ಏಕೆಂದರೆ ಅವರೆಲ್ಲ ಈಗಲೇ ನಮ್ಮ ನಡುವೆ ಇದ್ದಾರೆ. ಪಠ್ಯದಲ್ಲಿ ಓದುವ ‘ಜನಸಂಖ್ಯಾ ಲಾಭಾಂಶ’ದ ಕಿಟಕಿ ಮುಚ್ಚುತ್ತಾ ಬರುವ ಕಾಲ ಅದು. ಇನ್ನೊಂದು ಬದಲಾವಣೆಯನ್ನು ಅಂಕಿಗಳಿಗಿಂತ ನಮ್ಮ ಮಾತಿನಲ್ಲೇ ಕಾಣಬಹುದು. ಒಬ್ಬನೇ ಮಗ ಒಬ್ಬಳೇ ಮಗಳನ್ನು ಮದುವೆಯಾದರೆ ಅವರ ಮಗುವಿಗೆ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಚಿಕ್ಕಮ್ಮ ಯಾರೂ ಇರುವುದಿಲ್ಲ. ಅಜ್ಜ ಅಜ್ಜಿಯರು ಮಾತ್ರ ನಾಲ್ಕು ಮಂದಿ. ಮದುವೆಯ ಮಾತುಕತೆಗೆ ಕೂರುವವರು ಯಾರು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು ಯಾರು, ಅಣ್ಣತಮ್ಮಂದಿರೇ ಇಲ್ಲದಾಗ ಆಸ್ತಿಯ ಪಾಲು ಹೇಗೆ? ಹೊಸ ಉತ್ತರಗಳು ಬೇಕಾಗುತ್ತವೆ. ಅವು ಯಾವುವು ಎಂಬುದು ಮತ್ತೆ ಎಣಿಸಲಾಗದ ಸಾಲಿಗೇ ಸೇರುತ್ತದೆ.

ಕೊನೆಗೊಂದು ಅಭ್ಯಾಸ. ನಿಮ್ಮ ತಾಯಿಯ ತಾಯಿಗೆ ಎಷ್ಟು ಮಕ್ಕಳು, ನಿಮ್ಮ ತಾಯಿಗೆ ಎಷ್ಟು ಮಕ್ಕಳು ಎಂದು ಕೇಳಿ ಬರೆದುಕೊಳ್ಳಿ. ಅಜ್ಜಿ ಎಷ್ಟನೇ ತರಗತಿವರೆಗೆ ಓದಿದ್ದರು, ತಾಯಿ ಎಷ್ಟು ಓದಿದ್ದಾರೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ತರಗತಿಯ ಎಲ್ಲರ ಅಂಕಿ ಕೂಡಿಸಿ ಎರಡೂ ತಲೆಮಾರಿನ ಸರಾಸರಿ ತೆಗೆಯಿರಿ. ಒಂದು ಎಚ್ಚರಿಕೆ: ನಿಮಗೆ ಸಿಗುವ ಸರಾಸರಿ ಆ ತಲೆಮಾರಿನ ನಿಜವಾದ ಸರಾಸರಿಗಿಂತ ಹೆಚ್ಚೇ ಬರುವ ಸಂಭವವಿದೆ. ಮಕ್ಕಳೇ ಇಲ್ಲದ ಮಹಿಳೆಯ ಮನೆಯಿಂದ ನಿಮ್ಮ ತರಗತಿಗೆ ಯಾರೂ ಬಂದಿಲ್ಲ, ಆರು ಮಕ್ಕಳಿರುವ ಮನೆಯಿಂದ ಯಾರಾದರೂ ಬಂದಿರುವ ಸಾಧ್ಯತೆ ಒಂದು ಮಗುವಿರುವ ಮನೆಗಿಂತ ಹೆಚ್ಚು. ಈ ದೋಷವನ್ನು ಸರಿಪಡಿಸಲು ಇನ್ನು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಯೋಚಿಸಿ, ಮುಂದಿನ ತರಗತಿಗೆ ಬರೆದುಕೊಂಡು ಬನ್ನಿ.