ಭಯವೂ ಒಂದು ಕಲಿಕೆ

ಭಯವು ಪ್ರಕೃತಿಯು ಮನುಷ್ಯನಿಗೆ ಕೊಟ್ಟಿರುವ ರಕ್ಷಣೆ. ಹಾವನ್ನು ಕಂಡು ಹಿಂದೆ ಸರಿಯುವುದು ವಿವೇಕವೇ ಸರಿ. ಆದರೆ ಅಪಾಯವಿಲ್ಲದ ವಸ್ತುವನ್ನು ಕಂಡೊಡನೆ ಎದೆ ಬಡಿದುಕೊಳ್ಳುವುದು, ಮೈ ಬೆವರುವುದು, ಅದನ್ನು ತಪ್ಪಿಸಲು ಅಗತ್ಯವಾದ ಕೆಲಸವನ್ನೇ ಕೈಬಿಡುವುದು ಅತಿಭಯದ ಲಕ್ಷಣಗಳು. ಮನೋವಿಜ್ಞಾನಿಗಳು ಇದನ್ನು 'ಫೋಬಿಯಾ' ಎನ್ನುತ್ತಾರೆ. ಇದು ಹೇಡಿತನವಲ್ಲ, ದೆವ್ವದ ಚೇಷ್ಟೆಯೂ ಅಲ್ಲ. ಅನೇಕ ವೇಳೆ ಇದು ಕಲಿತ ಭಯ.

ಭಯ ಅಂಟಿಕೊಳ್ಳುವ ಬಗೆ

ಅಮೆರಿಕದ ಜಾನ್ ವಾಟ್ಸನ್ ಮತ್ತು ರೋಸಲೀ ರೇನರ್ ಎಂಬುವರು 1920ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸುಮಾರು 11 ತಿಂಗಳ ಮಗುವೊಂದು ಬಿಳಿ ಇಲಿಯನ್ನು ಮುಟ್ಟಲು ಕೈಚಾಚಿದಾಗ, ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು ಕರ್ಕಶ ಶಬ್ದ ಮಾಡಿದರು. ಹಲವು ಬಾರಿ ಹೀಗೆ ಮಾಡಿದ ಮೇಲೆ, ಶಬ್ದವಿಲ್ಲದಿದ್ದರೂ ಇಲಿಯನ್ನು ಕಂಡೊಡನೆ ಮಗು ಅಳತೊಡಗಿತು. ಆ ಭಯವು ಮೊಲಕ್ಕೂ ನಾಯಿಗೂ ಹಬ್ಬಿತು. ಹಾವು ಕಚ್ಚಿದವನು ಹಗ್ಗಕ್ಕೂ ಅಂಜುವುದು ಹೀಗೆಯೇ. ಮಗುವನ್ನು ಬೇಕೆಂದೇ ಹೆದರಿಸಿದ ಆ ಪ್ರಯೋಗವನ್ನು ಇಂದು ಯಾರೂ ಒಪ್ಪುವುದಿಲ್ಲ.

ಸ್ವಂತ ಅನುಭವವಿಲ್ಲದೆಯೂ ಭಯ ಬರಬಹುದು. ಹಲ್ಲಿಯನ್ನು ಕಂಡು ತಾಯಿ ಚೀರಿದರೆ ಮಗುವೂ ಚೀರಲು ಕಲಿಯುತ್ತದೆ. "ಹಟ ಮಾಡಿದರೆ ಡಾಕ್ಟರಿಂದ ಸೂಜಿ ಚುಚ್ಚಿಸುತ್ತೇನೆ" ಎಂಬ ಬೆದರಿಕೆಯಿಂದ ಆಸ್ಪತ್ರೆಯೇ ಗುಮ್ಮನಾಗುತ್ತದೆ. ಅಂತಹ ಮಗುವಿಗೆ ಮುಂದೆ ಲಸಿಕೆ ತಪ್ಪಬಹುದು. ಬೆಳೆದ ಮೇಲೂ ಆ ಅಂಜಿಕೆ ಉಳಿದರೆ ಗರ್ಭಿಣಿಯಾದಾಗ ತಪಾಸಣೆಯೇ ತಪ್ಪಬಹುದು.

ಎಲ್ಲರಿಗೂ ಭಯ ಸಮನಾಗಿ ಅಂಟುವುದಿಲ್ಲ, ಹುಟ್ಟುಗುಣವೂ ಕಾರಣವಾಗುತ್ತದೆ.

ಭಯ ಉಳಿಯುವುದೇಕೆ?

ಹೆದರಿದ ವಸ್ತುವಿನಿಂದ ಓಡಿದಾಗ ಮನಸ್ಸಿಗೆ ಕೂಡಲೇ ಹಾಯೆನಿಸುತ್ತದೆ. ಆ ನೆಮ್ಮದಿಯೇ ಮತ್ತೆ ಓಡಲು ಪ್ರೇರಿಸುತ್ತದೆ. 'ಇದರಿಂದ ಕೇಡಿಲ್ಲ' ಎಂದು ತಿಳಿಯುವ ಅವಕಾಶವೇ ದೊರೆಯದು.

ಕಲಿತದ್ದನ್ನು ಮರೆಸಬಹುದು

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿಯು, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿನ ಮೊಲವನ್ನು ದೂರದಲ್ಲಿಟ್ಟು, ದಿನಕಳೆದಂತೆ ಸಮೀಪಕ್ಕೆ ತಂದರು. ಹೆದರದ ಮಕ್ಕಳು ಮೊಲದೊಡನೆ ಆಡುವುದನ್ನೂ ಅವನು ಕಂಡನು. ಕೊನೆಗೆ ಅವನೇ ಮೊಲವನ್ನು ಮುದ್ದಿಸಿದನು. ಇಂದಿನ ಚಿಕಿತ್ಸೆಗೂ ಈ ಮೆಟ್ಟಿಲು ಮೆಟ್ಟಿಲಾದ ಕ್ರಮವೇ ಆಧಾರ.

ದಂಪತಿಗಳು ಗಮನಿಸಬೇಕಾದ ಅಂಶಗಳು

1. ಗುಮ್ಮ, ಪೊಲೀಸು, ಡಾಕ್ಟರು ಎಂದು ಮಕ್ಕಳನ್ನು ಬೆದರಿಸಬೇಡಿರಿ.

2. ಸೂಜಿ ಹಾಕಿಸುವ ಮುನ್ನ "ನೋವೇ ಇಲ್ಲ" ಎಂದು ಸುಳ್ಳಾಡಬೇಡಿರಿ. "ಸ್ವಲ್ಪ ನೋಯುತ್ತದೆ, ಬೇಗ ಹೋಗುತ್ತದೆ, ನಾನು ಜೊತೆಗಿರುತ್ತೇನೆ" ಎನ್ನಿರಿ. ಎಳೆಗೂಸಿಗೆ ಆ ಹೊತ್ತಿನಲ್ಲಿ ಎದೆಹಾಲು ಕುಡಿಸುವುದು ಹಿತಕರ.

3. ಹೆದರಿದ ಮಗುವನ್ನು ಹಾಸ್ಯ ಮಾಡಬೇಡಿರಿ, ಬಲವಂತದಿಂದ ಮುಂದೆ ನೂಕಬೇಡಿರಿ. ಅದು ಅಂಜಿದವನ ಮೇಲೆ ಕಪ್ಪೆ ಎಸೆದಂತೆ. ಮಗುವು ಇಟ್ಟ ಒಂದೊಂದು ಹೆಜ್ಜೆಯನ್ನೂ ಮೆಚ್ಚಿರಿ.

4. ಸೂಜಿ ಅಥವಾ ರಕ್ತವನ್ನು ಕಂಡು ತಲೆಸುತ್ತುವವರು ದಾದಿಗೆ ಮೊದಲೇ ತಿಳಿಸಿ, ಮಲಗಿಕೊಂಡು ಚುಚ್ಚುಮದ್ದು ಪಡೆಯಬೇಕು.

5. ನಾಯಿ ಕಚ್ಚಿದರೆ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸೂಜಿಯ ಅಂಜಿಕೆಯಿಂದ ಲಸಿಕೆಯನ್ನು ತಪ್ಪಿಸಿದರೆ ಪ್ರಾಣಕ್ಕೇ ಕುತ್ತು.

ಭಯವು ತಿಂಗಳುಗಟ್ಟಲೆ ಉಳಿದು ಶಾಲೆ, ದುಡಿಮೆ ಅಥವಾ ಸಂಸಾರಕ್ಕೆ ತೊಡಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು. ತಂದೆತಾಯಿಗಳ ಮುಖವನ್ನು ನೋಡಿ ಭಯ ಕಲಿಯುವ ಮಗು ಅದೇ ಮುಖವನ್ನು ನೋಡಿ ಧೈರ್ಯವನ್ನೂ ಕಲಿಯಬಲ್ಲದು.